ಲಾಡಿ ಕಟ್ಟುವ ಗೌನು

ತಂಗಿ ತೀರಿಕೊಂಡಾಗ ಇಂಗ್ಲೆಂಡಿನ ಹೇಸ್‌ ಊರಿನ ಅವಳ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: "ಎಲ್ಲಾ ಅರ್ಧಕ್ಕ ಬಿಟ್ಟು ಹೋದ್ಲು." ನಾನೂ ಹಾಗೆಯೇ ನಂಬಿದ್ದೆ. ಹೊಲಿಗೆ ಮಷಿನ್ನಿನ ಪಕ್ಕ ಅವಳು ಮಡಿಸಿಟ್ಟಿದ್ದ ಬಿಳಿ ಗೌನೇ ಅದಕ್ಕೆ ಸಾಕ್ಷಿ ಅನ್ನಿಸಿತ್ತು.

ಇನ್ನೂರು ವರ್ಷದ ಹಿಂದೆ ಇಲ್ಲಿನ ಹೆಂಗಸರು ನೃತ್ಯಕೂಟಕ್ಕೆ ತೊಡುತ್ತಿದ್ದ ಬಗೆಯ ಗೌನು ಅದು. ತೆಳು ಮಲ್‌ಮಲ್ ಬಟ್ಟೆ, ಎದೆಯ ಕೆಳಗೇ ಸೊಂಟ, ಪುಟ್ಟ ಉಬ್ಬು ತೋಳು. ಆ ಕಾಲದ ಕುಣಿತ ಕಲಿಸುವ ತರಗತಿಗೆ ತಂಗಿ ಪ್ರತಿ ಮಂಗಳವಾರ ಹೋಗುತ್ತಿದ್ದಳು. ಅವರ ವಾರ್ಷಿಕ ಕೂಟಕ್ಕೆ ತಾನೇ ತೊಡಲೆಂದು ಹೊಲಿದದ್ದು. ಈಗ ಅದನ್ನು ತೊಟ್ಟು ತಾನೇ ಹೋಗುತ್ತೇನೆ ಎಂದು ಅವಳ ಮಗಳು ಹಟ ಹಿಡಿದಳು.

ಬಿಡಿಸಿ ನೋಡಿದರೆ ಲಂಗದ ಎರಡೂ ಪಕ್ಕ ಗೇಣುದ್ದ ಸೀಳಿತ್ತು. ಎದೆಯ ತುಂಡು ಹೆಗಲಿಗೆ ಸೇರದೆ ಮುಂದೆ ಜೋತುಬಿದ್ದಿತ್ತು. ನಾನು ಧಾರವಾಡದಲ್ಲಿ ಕುಪ್ಪಸ ಹೊಲಿದು ಕೈ ಪಳಗಿದವಳು. ಅವಳು ಬಿಟ್ಟದ್ದನ್ನು ನಾನು ಮುಗಿಸುತ್ತೇನೆಂದು ಸೀಳು ಮುಚ್ಚಿದೆ, ಎದೆಯನ್ನು ಹೆಗಲಿಗೆ ಜೋಡಿಸಿದೆ. ಹೊಲಿಯುವಾಗ ಎರಡು ಸಲ ಸೂಜಿ ಕಾಣದಾಯಿತು, ಕಣ್ಣೊರೆಸಿಕೊಂಡೆ.

ಕೂಟದ ದಿನ ಮಧ್ಯಾಹ್ನ ಹುಡುಗಿ ತಲೆ ತೂರಿಸಿದಳು. ಗೌನು ಭುಜದಲ್ಲೇ ಸಿಕ್ಕಿಕೊಂಡಿತು.

"ದೊಡ್ಡವ್ವಾ, ಐ ಆಮ್ ಸ್ಟಕ್!"

"ಉಸಿರು ಬಿಗಿ ಹಿಡಿ."

"ಉಸಿರೇ ಬರ್ತಿಲ್ಲ, ಹೌ ಕ್ಯಾನ್ ಐ ಹೋಲ್ಡ್ ಇಟ್?"

ಬೇರೆ ದಾರಿಯಿಲ್ಲದೆ ನನ್ನ ಹೊಲಿಗೆಯನ್ನೆಲ್ಲ ಬಿಚ್ಚಿದೆ. ಗೌನು ಸಲೀಸಾಗಿ ಮೈಮೇಲೆ ಇಳಿಯಿತು, ಎದೆಯ ತುಂಡು ಮತ್ತೆ ಜೋತುಬಿತ್ತು. ಅದರ ಬುಡದಲ್ಲಿ ಎರಡು ಪಟ್ಟಿಗಳಿದ್ದವು. ಹೆಚ್ಚುವರಿ ಬಟ್ಟೆಯೆಂದು ನಾನೇ ಒಳಗೆ ತುರುಕಿದ್ದೆ.

"ಏ, ಇದು ಲಂಗದ ಲಾಡಿ ಅಲ್ಲೇನ!"

ಲಾಡಿಗಳನ್ನು ಹುಡುಗಿಯ ಬೆನ್ನಿಗೆ ಸುತ್ತಿ ಕಟ್ಟಿದೆ. ಎದೆಯ ತುಂಡನ್ನು ಎತ್ತಿ ಹಿಡಿದರೆ ಅದರ ಎರಡು ಕಾಜಗಳು ಹೆಗಲ ಮೇಲಿನ ಪುಟ್ಟ ಗುಂಡಿಗಳಿಗೆ ಸರಿಯಾಗಿ ಕೂತವು. ಆ ಗುಂಡಿಗಳು ಬರೀ ಅಂದಕ್ಕೆ ಎಂದುಕೊಂಡಿದ್ದೆ. ಸೀಳುಗಳು ಮಡಿಕೆಯಲ್ಲಿ ಮರೆಯಾದವು. ಅವು ಗೌನಿನೊಳಗೆ ಹೋಗುವ ದಾರಿಯಾಗಿದ್ದವು. ತಂಗಿ ಒಂದು ಹೊಲಿಗೆಯನ್ನೂ ಬಾಕಿ ಇಟ್ಟಿರಲಿಲ್ಲ.

"ಸೋ ಮಮ್ಮಿ ಫಿನಿಶ್ಡ್ ಇಟ್," ಎಂದಳು ಹುಡುಗಿ.

"ಮುಗಿಸ್ಯಾಳವ್ವಾ. ಕೆಡಿಸಿದಾಕಿ ನಾನು."

ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಜೋರಾಗಿ ನಕ್ಕೆವು.

ಸಂಜೆ ಕುಣಿತದ ಹಾಲ್‌ನಲ್ಲಿ ಎಲ್ಲರೂ ಎರಡು ಸಾಲಾಗಿ ನಿಂತರು. ಹುಡುಗಿಯನ್ನು ಮೊದಲ ಜೋಡಿಯಲ್ಲಿ ನಿಲ್ಲಿಸಿದರು. ಪಿಟೀಲು ಶುರುವಾಯಿತು, ಗೌನಿನ ಹಿಂಭಾಗ ಗಾಳಿ ತುಂಬಿಕೊಂಡು ತೇಲಿತು. ತಂಗಿಗೆ ಕುಣಿತ ಕಲಿಸಿದ ಮುದುಕಿ ನನ್ನ ಬಳಿ ಬಂದು, ಉಳಿದದ್ದನ್ನು ನೀವು ಮುಗಿಸಿದಿರಾ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಸುತ್ತಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ:

"ನೋ. ಮೈ ಸಿಸ್ಟರ್. ಆಲ್."