ಖಾದರ್ ಸಾಹೇಬರ ಏಳನೆಯ ಶುಕ್ರವಾರ

ಮೊನ್ನೆ ರೈಲಿನ ಟಿಕೆಟ್ ಮಾಡುವಾಗ ಮೊಬೈಲಿಗೆ ಒಟಿಪಿ ಬಂತು: 428571. ಒತ್ತುವುದು ಬಿಟ್ಟು ಅದನ್ನೇ ನೋಡುತ್ತಾ ಕುಳಿತೆ, ಅವಧಿ ಮುಗಿದೇ ಹೋಯಿತು. ನಿಮಗಾದರೆ ಅದು ಬರೀ ಆರು ಅಂಕಿ. ನನಗೆ ಮಾತ್ರ ನ್ಯಾಮತಿಯ ದರ್ಜಿ ಖಾದರ್ ಸಾಹೇಬರು ಮಿಷನ್ನಿನ ಹಿಂದಿನಿಂದ ಕತ್ತೆತ್ತಿ ನೋಡಿದ ಹಾಗಾಯಿತು.

ಎಪ್ಪತ್ತರ ದಶಕ. ನಾನು ಅಲ್ಲಿ ಹೊಸ ಗಣಿತದ ಮೇಷ್ಟ್ರು. ಬಿ.ಎಸ್ಸಿ. ಮಾಡಿದ ಜಂಬಕ್ಕೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಸಾಹೇಬರು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು. ಒಂದು ಶುಕ್ರವಾರ ಲಂಗಕ್ಕೆಂದು ಮೀಟರ್ ಬಟ್ಟೆಯನ್ನು ಏಳು ಸಮ ಪಟ್ಟಿ ಮಾಡಲು ಹೊರಟು, ನೂರು ಸೆಂಟಿಮೀಟರನ್ನು ಏಳರಿಂದ ಭಾಗಿಸಿದರಂತೆ. ಶೇಷ ಉಳಿಯುತ್ತಲೇ ಹೋಯಿತು. ಬೇರೆಯವರಾಗಿದ್ದರೆ ಒಂದು ನೂಲು ಆಚೀಚೆ ಮಾಡಿ ಕತ್ತರಿ ಹಾಕುತ್ತಿದ್ದರು. ಇವರು ಮೇಜಿನ ತುಂಬ ಸೀಮೆಸುಣ್ಣದಲ್ಲಿ ಭಾಗಿಸಿದರು. 142857, ಮತ್ತೆ 142857, ಮತ್ತೆ ಅದೇ. ಲಂಗ ಒಂದು ವಾರ ತಡವಾಯಿತು, ಬೈಸಿಕೊಂಡರು.

ಆಮೇಲೆ ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಒಂದೇ ಒಂದು ಗುಣಾಕಾರ. ಎರಡರಿಂದ ಗುಣಿಸಿದರೆ 285714. ಮೂರರಿಂದ 428571. ಅವೇ ಆರು ಅಂಕಿ, ಅದೇ ಸಾಲು, ಶುರುವಾಗುವ ಜಾಗ ಮಾತ್ರ ಬೇರೆ. ನಾನು ಪ್ಯಾಂಟಿನ ಅಳತೆ ಕೊಡಲು ಹೋದ ದಿನ ಆರರಿಂದ ಗುಣಿಸಿ ಮುಗಿದಿತ್ತು.

"ಏಳು ಬರೋ ಶುಕ್ರವಾರಕ್ಕೆ ಇಟ್ಟೀನಿ ಮೇಷ್ಟ್ರೆ. ಏನು ಬರ್ತೈತೋ ಅಂತ ವಾರವೆಲ್ಲ ಅದೇ ಧ್ಯಾನ," ಎಂದರು.

"ಅದೇನು ಬ್ರಹ್ಮವಿದ್ಯೆಯೇ? ಆರು ಅಂಕಿಯೂ ಒಂಬತ್ತೇ ಬರ್ತವೆ. ಪುಸ್ತಕದಲ್ಲಿದೆ," ಎಂದುಬಿಟ್ಟೆ.

ನನ್ನ ನಾಲಿಗೆಗೆ ಬೆಂಕಿ ಬಿದ್ದಿದ್ದರೂ ಚೆನ್ನಾಗಿತ್ತು. ಸಾಹೇಬರು ಸಿಟ್ಟಾಗಲಿಲ್ಲ. "ಹೌದಾ? ನೀವು ಓದಿದೋರು," ಎಂದು ತೋಳಿನಿಂದ ಮೇಜು ಒರೆಸಿ, ಟೇಪು ಹಿಡಿದು ನನ್ನ ಸೊಂಟ ಅಳೆದರು. ಪ್ಯಾಂಟು ಹೇಳಿದ ದಿನಕ್ಕೇ ಸಿಕ್ಕಿತು. ಅಷ್ಟು ಅಚ್ಚುಕಟ್ಟಾದ ಪ್ಯಾಂಟನ್ನು ನಾನು ಅಷ್ಟು ಸಂಕಟದಿಂದ ಹಾಕಿಕೊಂಡಿದ್ದು ಅದೊಂದೇ ಸಲ.

ಮುಂದೆ ಜಗಳೂರಿಗೆ ವರ್ಗವಾಯಿತು. ಮಾಡಿದ್ದು ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಎಂಟರಿಂದ ಗುಣಿಸಿದರೆ 1142856. ಮುಂದಿನ ಒಂದನ್ನು ತೆಗೆದು ಕೊನೆಯ ಅಂಕಿಗೆ ಕೂಡಿಸಿದರೆ ಹಳೆಯ ಸಂಖ್ಯೆಯೇ ಎದ್ದು ಬರುತ್ತದೆ! ಎಂಬತ್ತರ ದಶಕದಲ್ಲಿ ಒಮ್ಮೆ, ಇದನ್ನು ಹೇಳದೆ ಅವರ ಕೈಯಲ್ಲೇ ಮಾಡಿಸಬೇಕೆಂದು, ಎರಡು ಬಸ್ಸು ಬದಲಿಸಿ ನ್ಯಾಮತಿಗೆ ಹೋದೆ.

"ಎಂಟು ಮಾಡಿ ನೋಡಿದ್ರಾ ಸಾಹೇಬ್ರೆ?"

ಅವರು ಸೂಜಿಗೆ ದಾರ ಪೋಣಿಸುತ್ತಲೇ ನಕ್ಕರು. "ಮುಗೀತಲ್ರೀ ಅದು. ಎಲ್ಲಾ ಒಂಬತ್ತು ಬಂದ್ಮೇಲೆ ಇನ್ನೇನೈತೆ ಮಾಡಾಕೆ?"

ಚಹಾ ತರಿಸಿದರು. ಕುಡಿದು ಬಂದೆ.

ಮೊನ್ನೆ ಇದನ್ನೆಲ್ಲ ಮೊದಲ ಸಲ ಹೆಂಡತಿಗೆ ಹೇಳಲು ಹೊರಟೆ. ಸಂಖ್ಯೆ ಹೇಳಿದ್ದೇ ತಡ, ಅವಳು ಪೇಪರಿನ ಅಂಚಿನಲ್ಲಿ ಗುಣಿಸಲು ಕುಳಿತಳು. ಎರಡು, ಮೂರು, ನಾಲ್ಕು. ಆರು ಮುಗಿದಾಗ ಕನ್ನಡಕದ ಮೇಲಿಂದ ನನ್ನತ್ತ ನೋಡಿದಳು. ಏಳರ ಉತ್ತರ ಹೇಳಲು ನಾಲಿಗೆ ತುರಿಸಿತು. ನೀರು ಕುಡಿಯುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋಗಿ ನಿಂತೆ.

ಸ್ವಲ್ಪ ಹೊತ್ತಿಗೆ ಹೊರಗಿನ ಕೋಣೆಯಿಂದ "ಅಯ್ಯೋ, ಇದೇನ್ರೀ ಇದು!" ಎಂದು ಕೂಗಿ ಗಟ್ಟಿಯಾಗಿ ನಕ್ಕಳು.

ಲೋಟ ಹಿಡಿದು ಅಲ್ಲೇ ನಿಂತಿದ್ದೆ. ಖಾದರ್ ಸಾಹೇಬರು ಹಾಗೆ ನಗಬೇಕಾಗಿತ್ತು.