ಕಟ್ಟೆಯ ಮೇಲೆ ನನ್ನನ್ನು ಕಂಡವರು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಅವರ ಮಾತು ಮುಗಿಯುವ ಮೊದಲೇ ನಗುತ್ತಿದ್ದವನು ನಾನು. ಮಾನ್ವಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ ಇದೆ. ಗಿರಣಿ ನಡೆಸುವವನಿಗೆ ಕಣ್ಣಿಗೆ ಕಂಡದ್ದು, ತಕ್ಕಡಿಗೆ ಬಂದದ್ದು, ಇವೆರಡೇ ನಿಜ. ಬತ್ತ ಹಾಕಿದರೆ ಅಕ್ಕಿ ಬರಬೇಕು, ಹೊಟ್ಟು ಬೇರೆಯಾಗಬೇಕು. ರಾತ್ರಿ ಗಿರಣಿಯೊಳಗೆ ಯಾರೋ ನಡೆದಾಡಿದರು ಎಂದು ಹಮಾಲರು ಹೇಳಿದರೆ, ಮೊದಲು ಚೀಲ ಸರಿಯಾಗಿವೆಯೋ ಇಲ್ಲವೋ ನೋಡ್ರಿ ಎಂದು ಬೈದು ಕಳಿಸುತ್ತಿದ್ದೆ. ಇಂಥ ಕಥೆಗಳಲ್ಲಿ ಮುಕ್ಕಾಲು ಪಾಲು ಬಾಯಿಚಪಲ ಎಂಬುದು ಈಗಲೂ ನನ್ನ ಅಭಿಪ್ರಾಯ. ಉಳಿದ ಕಾಲು ಪಾಲಿನ ವಿಷಯದಲ್ಲಿ ಮಾತ್ರ ನಾನು ಸುಮ್ಮನಾಗಿದ್ದೇನೆ. ಯಾಕೆ ಸುಮ್ಮನಾದೆ ಎಂದು ಹೇಳುತ್ತೇನೆ. ನಿಮಗೆ ನಗು ಬಂದರೆ ನಗಬಹುದು, ನನಗೆ ಬೇಸರವಿಲ್ಲ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಒಬ್ಬಳೇ ತಂಗಿ ಶಾಂತಮ್ಮನನ್ನು ದೇವದುರ್ಗದ ಆಚೆ, ಕೃಷ್ಣಾ ದಾಟಿದ ಮೇಲೆ ಸಿಗುವ ಒಂದು ಹಳ್ಳಿಗೆ ಕೊಟ್ಟಿದ್ದೆವು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆದ ಹೊರತು ಯಾವ ಹೆಣ್ಣುಮಗಳೂ ತವರಿನ ದಾರಿ ಹಿಡಿಯುವುದಿಲ್ಲ. ಆ ವರ್ಷ ನಾನು ಹೊರಡುವಾಗ ನಮ್ಮವ್ವ ಇನ್ನೊಂದು ಮಾತು ಸೇರಿಸಿದಳು. "ಯಪ್ಪಾ, ನೀಲಮ್ಮನ್ನೂ ಕರಕೊಂಡು ಬಾ. ಆಕಿಗಿ ಹಿಂದಿಲ್ಲ ಮುಂದಿಲ್ಲ, ಕರ್ಯಾಕ ಯಾರು ಬರ್ತಾರ?" ನೀಲಮ್ಮ ನನ್ನ ತಂಗಿಯ ನೆಗೆಣ್ಣಿ, ಅಂದರೆ ಅವಳ ಭಾವನ ಹೆಂಡತಿ. ತಂದೆತಾಯಿ ತೀರಿಕೊಂಡಿದ್ದರು, ಒಡಹುಟ್ಟಿದವರು ಇರಲಿಲ್ಲ. ಇನ್ನೂ ಮಾತು ಬಾರದ ಒಂದು ಹೆಣ್ಣುಕೂಸಿತ್ತು, ಶರಣಮ್ಮ ಎಂದು. ಹೀಗೆ ಆ ಸಲ ನಾನು ಇಬ್ಬರು ಹೆಣ್ಣುಮಕ್ಕಳಿಗೆ ಅಣ್ಣನಾಗಿ ಹೊರಟಿದ್ದೆ. ನಾಳೆ ಸಂಜೆಯೊಳಗೆ ಕಟ್ಟೆಗೆ ಬಂದಿರಿ ಎಂದು ಜಾಲಹಳ್ಳಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮೊದಲೇ ಹೇಳಿ ಕಳಿಸಿದ್ದೆ.

ಕಟ್ಟೆ ಎಂದೆನಲ್ಲ, ಅದು ಹೊಳೆಯ ಆಚೆ ದಡದಲ್ಲಿತ್ತು. ನಾಯಕರ ಕಾಲದ್ದು ಎನ್ನುತ್ತಿದ್ದರು. ಕರಿಕಲ್ಲಿನ ಅಗಲವಾದ ಮೆಟ್ಟಿಲು, ಎರಡೂ ಬದಿಗೆ ಆಳೆತ್ತರಕ್ಕಿಂತ ಹೆಚ್ಚಿನ ಗೋಡೆ, ಮೇಲೆ ಊರೊಳಗೆ ಹೋಗಲು ಒಂದೇ ಒಂದು ಕಲ್ಲಿನ ಬಾಗಿಲು. ಶತ್ರುಗಳು ನುಗ್ಗಬಾರದೆಂದು ಕಟ್ಟಿಸಿದ್ದಿರಬೇಕು. ಶತ್ರುಗಳ ಕಾಲ ಮುಗಿದು ಎಷ್ಟೋ ವರ್ಷಗಳಾಗಿದ್ದರೂ ಬಾಗಿಲು ಅಷ್ಟೇ ಇತ್ತು, ಮಂದಿ ಮಾತ್ರ ಹತ್ತು ಪಟ್ಟಾಗಿದ್ದರು. ಪಂಚಮಿಯ ಹಿಂದಿನ ದಿನ ಆ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅಣ್ಣ ಬಂದದ್ದು ತನಗೇ ಮೊದಲು ಕಾಣಲಿ ಎಂದು ಪ್ರತಿಯೊಬ್ಬ ಹೆಣ್ಣುಮಗಳೂ ಕೆಳಗಿನ ಮೆಟ್ಟಿಲಿಗೇ ಬಂದು ನಿಲ್ಲುವುದು. ಮೇಲೆ ನೆರಳಿತ್ತು, ಕೂಡಲು ಜಾಗವೂ ಇತ್ತು. ಅಲ್ಲಿ ಕೂತರೆ ಅಣ್ಣನ ಮೇಲೆ ಪ್ರೀತಿ ಕಡಿಮೆ ಎಂದಂತೆ.

ಆ ಹೊತ್ತಿಗೆ ಹೊಳೆಗೆ ಸೇತುವೆ ಕಟ್ಟುವ ಕೆಲಸ ನಡೆದಿತ್ತು. ಕಂಬಗಳಿಗೆ ಕಲ್ಲು ಸಾಗಿಸಲು ಗುತ್ತಿಗೆದಾರ ಒಂದು ದೊಡ್ಡ ಕಬ್ಬಿಣದ ದೋಣಿ ತಂದಿದ್ದ. ನಮ್ಮ ಮಂದಿ ಅದನ್ನು ಹಡಗು ಎಂದೇ ಕರೆಯುತ್ತಿದ್ದರು. ಮಳೆಗಾಲಕ್ಕೆ ಕೆಲಸ ನಿಲ್ಲಿಸಿ, ಅದನ್ನು ಕಟ್ಟೆಯ ಮೇಲ್ಗಡೆ, ಹೊಳೆ ಬರುವ ದಿಕ್ಕಿಗೆ ಹಗ್ಗ ಹಾಕಿ ಕಟ್ಟಿಟ್ಟಿದ್ದರು. ಅದು ಅಲ್ಲಿರಬಾರದು ಎಂದು ಯಾರಿಗೂ ಹೊಳೆಯಲಿಲ್ಲ. ಹಿಂದಿನ ವರ್ಷ ನಾನೇ ಅದರ ಮೇಲೆ ಹತ್ತಿ ನೋಡಿ ಬಂದಿದ್ದೆ.

ಈಚೆ ದಡದಿಂದ ನಾವು ಹೊರಟದ್ದು ಹರಗೋಲಿನಲ್ಲಿ. ದುಂಡಗಿನ ದೊಡ್ಡ ಬುಟ್ಟಿಗೆ ತೊಗಲು ಹೊದಿಸಿದಂಥದ್ದು ಅದು, ಹಿಂದುಮುಂದು ಎಂಬುದೇ ಇಲ್ಲ. ಅಲ್ಲಿನ ಅಂಬಿಗರದು ಒಂದು ಪದ್ಧತಿ ಇತ್ತು. ದಡ ಬಿಡುವ ಮೊದಲು ಎಲ್ಲರನ್ನೂ ಸುತ್ತ ಕೂಡಿಸಿ, ಒಬ್ಬರ ಶಲ್ಯದ ತುದಿಯನ್ನು ಪಕ್ಕದವರ ಶಲ್ಯಕ್ಕೆ ಗಂಟು ಹಾಕಿಸಿ, ಅದನ್ನು ಸೊಂಟಕ್ಕೆ ಸುತ್ತಿಸುತ್ತಿದ್ದರು. ನಡುಹೊಳೆಯಲ್ಲಿ ಅಂಜಿ ಒಬ್ಬ ಎದ್ದು ನಿಂತರೂ ಹರಗೋಲು ಮಗುಚುತ್ತದೆ. ಒಬ್ಬ ಏಳಬೇಕೆಂದರೆ ಎಲ್ಲರೂ ಏಳಬೇಕು, ಹಾಗಾಗಿ ಯಾರೂ ಏಳುವುದಿಲ್ಲ. ನನ್ನ ಎಡಕ್ಕೆ ಕುರ್ಡಿ ಎಂಬ ಊರಿನ ಒಬ್ಬ ಮುದುಕ ಇದ್ದ, ಕುರಿ ಕಾಯುವವನು, ಹೆಗಲ ಮೇಲೆ ಕರಿ ಕಂಬಳಿ. ಹಲ್ಲು ಬಿದ್ದ ಅಕ್ಕನನ್ನು ತವರಿಗೆ ಕರೆದುಕೊಂಡು ಬರಲು ಹೊರಟಿದ್ದ. ಈ ವಯಸ್ಸಿನಲ್ಲಿ ಅಕ್ಕ ಜೋಕಾಲಿ ಆಡುತ್ತಾಳೇನೋ ಎಂದು ನಾನು ಛೇಡಿಸಿದೆ. "ಆಡಲಿ ಬಿಡಪ್ಪ, ನಾ ತೂಗತೀನಿ" ಎಂದು ಅವನೂ ನಕ್ಕ. ಬಲಕ್ಕೆ ಒಬ್ಬ ಬಳೆಗಾರ, ಅವನ ಬಳೆ ಕೋದ ಮಲಾರದ ಹೊರೆ ನನ್ನ ಬಲಗೈ ಮೇಲೆ ಕೂತುಬಿಟ್ಟಿತ್ತು. ಕೈ ಹೊರಗೆ ತೆಗೆಯಲು ಜಾಗವಿರಲಿಲ್ಲ.

ಸೂರ್ಯ ಇನ್ನೂ ಇಳಿದಿರಲಿಲ್ಲ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಅರ್ಧ ದಾಟಿದ ಮೇಲೆ ಹರಗೋಲು ಒಂದು ಸುಳಿಗೆ ಸಿಕ್ಕಿತು. ಇಂಥ ಸುಳಿ ಮುಳುಗಿಸುವುದಿಲ್ಲ, ಬಿಡುವುದೂ ಇಲ್ಲ. ಒಂದೇ ಜಾಗದಲ್ಲಿ ಗರಗರ ತಿರುಗಿಸುತ್ತದೆ. ಮುದುಕ ಅಂಬಿಗ ಹುಟ್ಟು ಹಾಕಿಹಾಕಿ ಸೋತು, "ಯಾರೂ ಮಿಸುಕಾಡಬ್ಯಾಡ್ರಿ, ತಾನಽ ಬಿಡ್ತದ" ಎಂದು ಕೂತ. ತಿರುಗುವಾಗ ಒಮ್ಮೆ ನಮ್ಮ ದಡ ಕಾಣುವುದು, ಒಮ್ಮೆ ಬರೀ ನೀರು, ಒಮ್ಮೆ ಆಚೆಯ ಕಟ್ಟೆ. ಕಟ್ಟೆಯ ಕೆಳಗಿನ ಮೆಟ್ಟಿಲಲ್ಲಿ ನಾನೇ ಕೊಡಿಸಿದ ಗಿಣಿಹಸಿರು ಸೀರೆ ಕಂಡಿತು. ಶಾಂತಮ್ಮ. ಸೊಂಟದ ಮೇಲೆ ನೀಲಮ್ಮನ ಕೂಸು. ನಾನು ಎಡಗೈ ಎತ್ತಿ ಬೀಸಿದೆ.

ಮುಂದಿನ ಸುತ್ತಿಗೆ ಕಟ್ಟೆ ಮತ್ತೆ ಬಂದಾಗ ಅದರ ಮೇಲ್ಗಡೆ ಹಡಗು ಅಡ್ಡಡ್ಡ ತಿರುಗುತ್ತಿತ್ತು. ಹಗ್ಗ ಹರಿದಿದೆ ಎಂದು ತಿಳಿಯುವಷ್ಟರಲ್ಲಿ ನನ್ನ ಮುಖ ಬೇರೆ ಕಡೆ ತಿರುಗಿತ್ತು. ಎದುರಿಗೆ ಬರೀ ನೀರು. ನಾನು ಕುತ್ತಿಗೆ ಹೊರಳಿಸಿ ಕೂಗಿದೆ. ಹೊಳೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಮತ್ತೆ ಕಟ್ಟೆ ಕಂಡಾಗ ಹಡಗು ಇನ್ನೂ ಹತ್ತಿರ ಬಂದಿತ್ತು. ಮೇಲಿನ ಮೆಟ್ಟಿಲವರು ಅದನ್ನು ನೋಡಿ ಬಾಗಿಲ ಕಡೆ ನುಗ್ಗಿದ್ದರು, ಬಾಗಿಲು ಮಂದಿಯಿಂದ ಮುಚ್ಚಿಹೋಗಿತ್ತು. ಕೆಳಗಿನವರು ಇನ್ನೂ ನಮ್ಮನ್ನೇ ನೋಡುತ್ತ ನಿಂತಿದ್ದರು. ನಾನು ಏಳಲು ಹೋದೆ. ಎರಡೂ ಕಡೆಯಿಂದ ಶಲ್ಯ ಬಿಗಿದು ನನ್ನನ್ನು ಕೆಳಗೆ ಜಗ್ಗಿತು. "ಕುಂಡ್ರಲೇ! ನೀ ಎದ್ದರ ಎಲ್ಲಾರೂ ಹೊಕ್ಕೀವಿ!" ಎಂದು ಅಂಬಿಗ ಹುಟ್ಟು ಎತ್ತಿಕೊಂಡು ಗದರಿದ. ಕುರ್ಡಿಯ ಮುದುಕ ನನ್ನ ತೊಡೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ನನ್ನ ಜೀವಮಾನದಲ್ಲಿ ಅಷ್ಟು ಅಸಹಾಯಕನಾಗಿ ನಾನು ಎಂದೂ ಕೂತಿಲ್ಲ. ಕಣ್ಣ ಮುಂದೆ ತಂಗಿ ಸಾಯಲಿದ್ದಾಳೆ, ಅದನ್ನು ಪೂರ್ತಿ ನೋಡಲೂ ಆ ಹರಗೋಲು ಬಿಡುತ್ತಿಲ್ಲ, ಬೆನ್ನು ತಿರುಗಿಸುತ್ತದೆ.

ಅದರ ನಂತರದ ಒಂದು ಸುತ್ತು ನನಗೆ ನೆನಪಿಲ್ಲ. ಕಣ್ಣು ಮುಚ್ಚಿದ್ದೆನೋ, ತಲೆಸುತ್ತು ಬಂತೋ, ಹೇಳಲಾರೆ. ಮತ್ತೆ ಕಟ್ಟೆ ಎದುರಾದಾಗ ಹಡಗು ಮೆಟ್ಟಿಲ ಮೇಲೆ ಏರಿ ನಿಂತಿತ್ತು. ಗಿಣಿಹಸಿರು ಎಲ್ಲೂ ಇರಲಿಲ್ಲ.

ಸುಳಿ ತಾನಾಗಿಯೇ ಬಿಟ್ಟಿತು. ಹೊಳೆ ನಮ್ಮನ್ನು ಕೆಳಗಡೆ ಒಯ್ದು ಒಂದು ಕೆಸರಿನ ದಡಕ್ಕೆ ಹಚ್ಚಿತು. ಶಲ್ಯವನ್ನು ಅಲ್ಲೇ ಬಿಟ್ಟು, ಬಿದ್ದು ಎದ್ದು ಊರ ಕಡೆ ಓಡಿದೆ. ಗೋಡೆಯ ಹೊರಗೆ ಒಂದು ಬೇವಿನ ಮರ. ಅದರ ಬುಡದಲ್ಲಿ ಶಾಂತಮ್ಮ ಕೂತಿದ್ದಳು, ಮಡಿಲಲ್ಲಿ ಕೂಸು. ಇಬ್ಬರಿಗೂ ಒಂದು ಗೀರೂ ಆಗಿರಲಿಲ್ಲ. ನನಗೆ ಅಳು ಬಂತು. ಅವಳು ಅಳಲಿಲ್ಲ, ನನ್ನ ಹಿಂದೆ ಯಾರನ್ನೋ ಹುಡುಕುವಂತೆ ನೋಡಿದಳು.

"ನೀಲಕ್ಕ ಎಲ್ಲಿ? ಆಕಿನ್ನ ಕರ್ಯಾಕ ಹ್ವಾದಿ ಅಂತ ನಾ ಇಲ್ಲೇ ಕುಂತೀನಿ."

ನನಗೆ ಅರ್ಥವಾಗಲಿಲ್ಲ. ಅವಳು ಹೇಳಿದ್ದಿಷ್ಟು: ನಾನು ಮಂದಿಯನ್ನು ಸರಿಸಿಕೊಂಡು ಮೆಟ್ಟಿಲಿಳಿದು ಬಂದೆನಂತೆ, ಅವಳ ಮುಂಗೈ ಹಿಡಿದು ಎಳೆದುಕೊಂಡು ಬಾಗಿಲು ದಾಟಿಸಿ, ಮರದ ಕೆಳಗೆ ಕೂಡಿಸಿ, ಒಂದು ಮಾತೂ ಆಡದೆ ತಿರುಗಿ ಹೋದೆನಂತೆ. ಗಾಬರಿಯಲ್ಲಿ ಯಾರನ್ನೋ ನೋಡಿ ನಾನೆಂದು ತಿಳಿದಿದ್ದಾಳೆ ಎಂದುಕೊಂಡೆ. ಆದರೆ ಬಾಗಿಲ ಪಕ್ಕ ಚಹಾ ಮಾರುತ್ತಿದ್ದವನು, ನನ್ನನ್ನು ಹಿಂದೆಂದೂ ನೋಡದವನು, ನನ್ನ ಮುಖ ನೋಡಿ ಕೇಳಿದ: "ಎಂಥಾ ಗಟ್ಟಿ ಮನಷ್ಯಾ ಅದೀರಿ ಮಾರಾಯ್ರ! ಅಷ್ಟು ಮಂದ್ಯಾಗ ಹ್ಯಾಂಗ ಇಳದ್ರಿ?" ನಾನು ಕುರ್ಡಿಯ ಮುದುಕನನ್ನು ಹುಡುಕಿ ಹಿಡಿದೆ. ಅವನ ಅಕ್ಕ ಕಟ್ಟೆಗೆ ಬಂದೇ ಇರಲಿಲ್ಲ, ಮನೆಯಲ್ಲಿ ಸುಖವಾಗಿದ್ದಳು. ನಾನು ನಡುವೆ ಎಲ್ಲಾದರೂ ಹೋಗಿದ್ದೆನೇ ಎಂದು ಕೇಳಿದ್ದಕ್ಕೆ ಅವನು ನನ್ನನ್ನು ಹುಚ್ಚನೆಂಬಂತೆ ನೋಡಿದ. "ಎಲ್ಲಿಗಿ ಹೊಕ್ಕೀಯೋ ಯಪ್ಪಾ, ನಿನ್ನ ತೊಡಿ ಹಿಡದು ನನ್ನ ಕೈ ಇನ್ನಾ ನೋಯಾಕತ್ತಾವ."

ನೀಲಮ್ಮ ಮರುದಿನ ಸಿಕ್ಕಳು, ಹಡಗಿನ ಅಡಿಯಲ್ಲಿ, ಇನ್ನೂ ಕೆಲವರ ಜೊತೆಗೆ. ಆ ವರ್ಷ ನಾನು ಒಬ್ಬಳನ್ನೇ ಕರೆದುಕೊಂಡು ಬಂದೆ. ಹಬ್ಬ ಮಾಡಲಿಲ್ಲ.

ಇದಾದ ಮೇಲೆ ಶಾಂತಮ್ಮನಿಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ: ನಾನು ಅಲ್ಲಿರಲಿಲ್ಲ, ಹರಗೋಲಿನಲ್ಲಿದ್ದೆ ಎಂದು. ಅವಳು ನಂಬಲಿಲ್ಲ. ನೀಲಮ್ಮನನ್ನು ಬಿಟ್ಟು ಬಂದದ್ದಕ್ಕೆ ನಾಚಿ ಸುಳ್ಳು ಹೇಳುತ್ತೇನೆ ಎಂದುಕೊಂಡಿದ್ದಳು. ಬೇರೆ ಮಾತಿಲ್ಲ, ಜಗಳವಿಲ್ಲ, ಆದರೆ ಪ್ರತಿ ಪಂಚಮಿಗೆ ಊಟ ಬಡಿಸುವಾಗ ಒಮ್ಮೆಯಾದರೂ ಹೇಳುವಳು: "ನಿನಗ ಎರಡು ಕೈ ಇದ್ದೂವಲ್ಲೋ ಅಣ್ಣಾ." ಕಟ್ಟೆಯ ಮೇಲೆ ಇಲ್ಲದವನು ಅಲ್ಲಿ ಮಾಡಿದ ತಪ್ಪಿಗೆ ಏನು ಉತ್ತರ ಕೊಡಬೇಕು? ಇದ್ದೆ ಎಂದರೆ ಒಬ್ಬಳನ್ನು ಬಿಟ್ಟವನು, ಇರಲಿಲ್ಲ ಎಂದರೆ ಸುಳ್ಳುಗಾರ. ಆ ಹರಗೋಲಿನಿಂದ ನಾನು ಇಳಿದೇ ಇಲ್ಲವೇನೋ ಎಂದು ಎಷ್ಟೋ ಸಲ ಅನ್ನಿಸಿದೆ.

ಶರಣಮ್ಮ ನನ್ನ ತಂಗಿಯ ಕೈಯಲ್ಲೇ ಬೆಳೆದಳು. ಎಂಬತ್ತರ ದಶಕದ ನಡುವೆ ಅವಳ ಲಗ್ನ ಗೊತ್ತಾಯಿತು. ರಾಯಚೂರಿನಲ್ಲಿ ಸೀರೆ ಜವಳಿ ತೆಗೆದುಕೊಂಡು ಹಿಂದಿರುಗುವಾಗ ಇಬ್ಬರೂ ನಮ್ಮ ಮನೆಯಲ್ಲಿ ಉಳಿದರು. ಮಧ್ಯಾಹ್ನ ಶಾಂತಮ್ಮ ಒಳಗೆ ಅಕ್ಕಿ ಆರಿಸುತ್ತಿದ್ದಳು. ಪಡಸಾಲೆಯಲ್ಲಿ ನಾನೊಬ್ಬನೇ ಇದ್ದಾಗ ಹುಡುಗಿ ಬಂದು ಕಂಬಕ್ಕೆ ಆತು ನಿಂತಳು. ತಾಯಿಯ ಮುಖವೇ.

"ಮಾವಾ, ನಮ್ಮವ್ವ ನಿಮ್ಮ ಕೈಗಿ ಸಿಗಲಿಲ್ಲೇನ್ರಿ?"

ನಾನು ಅಲ್ಲಿರಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಸೆಗೆ ಕೂಡಲಿರುವ ತಬ್ಬಲಿ ಹುಡುಗಿಗೆ ಅದನ್ನು ಹೇಳುವುದು ನನ್ನಿಂದಾಗಲಿಲ್ಲ. ಏನಾದರೂ ಒಂದು ಸಮಾಧಾನ ಹೇಳೋಣ ಎಂದುಕೊಂಡೆ. ಹೇಳಿದೆ: "ಇಲ್ಲವ್ವ. ಆಕಿ ಕಾಲುಂಗುರ ಕಲ್ಲಿನ ಸಂದ್ಯಾಗ ಸಿಕ್ಕಿತ್ತು. ಕೂಸಿನ್ನ ತಗೊಂಡು ನೀವು ಹೋಗ್ರಿ, ನಾ ಬಿಡಿಸಿಕೊಂಡು ಬರ್ತೀನಿ ಅಂದಳು." ಹುಡುಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಪರವಾಗಿಲ್ಲ, ಒಳ್ಳೆಯ ಸುಳ್ಳೇ ಹೊಳೆಯಿತು ಎಂದು ನಾನು ಎಲೆ ಅಡಿಕೆ ತೆಗೆದೆ.

ಸ್ವಲ್ಪ ಹೊತ್ತಿಗೆ ಒಳಗೆ ಮೊರ ಕೆಳಗೆ ಬಿದ್ದ ಸದ್ದಾಯಿತು. ಶಾಂತಮ್ಮ ಹೊರಗೆ ಬಂದಳು, ಮುಖದಲ್ಲಿ ರಕ್ತವಿರಲಿಲ್ಲ.

"ಕಾಲುಂಗುರದ್ದು ನಿನಗ ಯಾರು ಹೇಳಿದ್ರು?"

ಯಾರೂ ಇಲ್ಲ, ಹುಡುಗಿಗೆ ಸಮಾಧಾನ ಆಗಲಿ ಎಂದು ಹೇಳಿದೆ ಎಂದೆ. ಅವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ನೀಲಮ್ಮ ಅವತ್ತು ಅಂದದ್ದು ಅದೇ ಮಾತಂತೆ. ಅದನ್ನು ಅವಳು ಗಂಡನಿಗೆ ಹೇಳಿರಲಿಲ್ಲ, ಅತ್ತೆಗೆ ಹೇಳಿರಲಿಲ್ಲ, ನಮ್ಮವ್ವನಿಗೂ ಹೇಳಿರಲಿಲ್ಲ. ನೀಲಮ್ಮನ ಕಾಲು ಸಿಕ್ಕಿದ್ದು ಗೊತ್ತಿದ್ದೂ ಬಿಟ್ಟು ಬಂದೆ ಎಂದು ಯಾರ ಮುಂದೆ ಬಾಯಿ ಬಿಡಬೇಕಿತ್ತು? ಅಷ್ಟು ವರ್ಷ ಅದನ್ನು ನುಂಗಿಕೊಂಡು, ನನ್ನ ಎರಡು ಕೈಗಳನ್ನು ಬೈದುಕೊಂಡು ಬದುಕಿದ್ದಳು.

ಆಮೇಲೆ ಅವಳು ಅತ್ತಳು. ಅವತ್ತು ಮರದ ಕೆಳಗೆ ಅಳದಿದ್ದದ್ದನ್ನೂ ಸೇರಿಸಿ ಅತ್ತಳು. ಅಳುತ್ತಲೇ ಕೇಳಿದಳು: "ಈಗಾರ ಹೌದನ್ನು ಅಣ್ಣಾ, ನೀ ಅಲ್ಲಿದ್ದಿ ಹೌದಲ್ಲೋ?"

ನಾನು ಅವಳ ಕೈ ಹಿಡಿದುಕೊಂಡು ಕೂತೆ. ಇಲ್ಲ ಎನ್ನಲು ಮೊದಲ ಸಲ ನನಗೆ ಬಾಯಿ ಬರಲಿಲ್ಲ. ಹೌದು ಎನ್ನಲು ಇವತ್ತಿಗೂ ಬಂದಿಲ್ಲ.