ಮುಖ ಬಿಟ್ಟು ತೆಗೆದ ಫೋಟೋಗಳು

ಆ ದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಿತ್ತು. ಹೊನ್ನಾಳಿಯ ನಮ್ಮ ಓಣಿಯಲ್ಲಿ ನೀರು ಬಂತೆಂದರೆ ಉಳಿದ ಕೆಲಸಗಳೆಲ್ಲ ಹಿಂದೆ ಸರಿಯುತ್ತವೆ. ತೊಟ್ಟಿ ತುಂಬಿಸಿ, ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಕುಡಿಯುವ ನೀರು ಸೋಸಿಟ್ಟು, ಆಮೇಲೆ ರೊಟ್ಟಿಗೆ ಕೂತೆ. ಅಡಿಕೆ ವ್ಯಾಪಾರದ ಮೇಲೆ ನಮ್ಮ ಯಜಮಾನರು ಚನ್ನಗಿರಿಗೆ ಹೊರಡುವ ತಯಾರಿಯಲ್ಲಿದ್ದರು. ಫೋನು ಸದ್ದು ಮಾಡಿತು. ಹಿಟ್ಟಿನ ಬೆರಳಲ್ಲೇ ತೆರೆದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಬರೆದಿದ್ದರು.

"ಆ ಬೀಬಿ ತೀರಿಕೊಂಡರಂತೆ, ಮಗು. ನೀನು ತೆಗೆದ ಫೋಟೋವನ್ನು ಮಗಳು ಕೇಳುತ್ತಿದ್ದಾಳೆ. ಅವರ ಹತ್ತಿರ ಬೇರೆ ಒಂದೂ ಇಲ್ಲ. ಮುಖ ಚೆನ್ನಾಗಿ ಕಾಣುವಂಥದ್ದು ಕಳಿಸು. ಭಾನುವಾರದ ಪ್ರಾರ್ಥನೆಗೆ ಇಡಬೇಕಂತೆ."

ಹೋದ ವರ್ಷ ಈ ಸಿಸ್ಟರ್ ಜೊತೆ ನಾನು ತಾಂಜಾನಿಯಾಕ್ಕೆ ಹೋಗಿದ್ದೆ. ಅವರ ಮಿಷನ್ನಿನವರು ಅಲ್ಲಿಯ ಒಂದು ಹಳ್ಳಿಯಲ್ಲಿ ಕಣ್ಣಿನ ಶಿಬಿರ ಮಾಡುತ್ತಾರೆ. ಸಹಾಯಕ್ಕೆಂದು ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರನ್ನು ಕರೆದಿದ್ದರು. ಲಿಂಗ ಕಟ್ಟಿದ ಮನೆಯವಳಿಗೆ ಮಿಷನ್ ಪ್ರವಾಸ ಯಾಕೆಂದು ನೆಂಟರು ಗೊಣಗಿದಾಗ, "ಕಣ್ಣು ಕಾಣಾಕೆ ಯಾವ ಜಾತಿರೀ? ಹೋಗಿ ಬರ್ಲಿ ಬಿಡ್ರಿ" ಎಂದು ಇವರೇ ಬಾಯಿ ಮುಚ್ಚಿಸಿದ್ದರು. ನನ್ನ ಪಾಲಿಗೆ ಬಂದ ಕೆಲಸ ಫೋಟೋ ತೆಗೆಯುವುದು. ಹೊರಡುವ ಮುಂಚೆ ಒಂದು ತಿಂಗಳು ಫೋನಿನಲ್ಲಿ ಪಾಠ ನೋಡಿದ್ದೆ. ಸಾಲಾಗಿ ನಿಲ್ಲಿಸಬಾರದು, ಕಿಟಕಿಯ ಬೆಳಕು ಒಳ್ಳೆಯದು, ಮುಖಕ್ಕಿಂತ ಕೈಕಾಲು ಹೆಚ್ಚು ಹೇಳುತ್ತವೆ, ಹೀಗೆ.

ಬೀಬಿ ಎಂದರೆ ಅಲ್ಲಿಯ ಮಾತಿನಲ್ಲಿ ಅಜ್ಜಿ. ಆಕೆಗೆ ಕಣ್ಣಿನ ಆಪರೇಷನ್ ಆಗಿ ಎಡಗಣ್ಣಿಗೆ ಪಟ್ಟಿ ಹಾಕಿದ್ದರು. ನನ್ನದೇ ವಯಸ್ಸಿನ ಮಗಳು ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ತಲೆವಸ್ತ್ರ ನೇರ ಮಾಡಿ, ನನ್ನ ಸೆರಗು ಹಿಡಿದೆಳೆದಳು. ತಾಯಿಯ ಮುಖದ ಸುತ್ತ ಗಾಳಿಯಲ್ಲಿ ಬೆರಳಿಂದ ಒಂದು ಸುತ್ತು ಬರೆದು ತೋರಿಸಿದಳು. ಅವರ ಒಪ್ಪಿಗೆ ಇಲ್ಲದೆ ಯಾರ ಮುಖವನ್ನೂ ತೆಗೆಯಬೇಡ ಎಂದು ಸಿಸ್ಟರ್ ಹೇಳಿದ್ದರು. ಇಲ್ಲಿ ಅವರೇ ಕೇಳುತ್ತಿದ್ದರು.

ನನಗೆ ಕೈ ಬರಲಿಲ್ಲ. ನಾನು ಚಿಕ್ಕವಳಿದ್ದಾಗ, ನಮ್ಮಜ್ಜಿ ಕಾಯಿಲೆ ಬಿದ್ದು ಮಲಗಿದ್ದ ದಿನಗಳಲ್ಲಿ, ಮಾವ ಕ್ಯಾಮೆರಾ ತಂದಿದ್ದರು. "ಹಾಸಿಗೆ ಹಿಡಿದೋರ ಫೋಟೋ ತೆಗಿಬಾರ್ದೋ, ಆಯಸ್ಸು ಕಡಿಮೆ ಆಗ್ತೈತೆ" ಎಂದು ಅವ್ವ ಅದನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟಿದ್ದಳು. ಹತ್ತು ವರ್ಷ ಕಾನ್ವೆಂಟಿನಲ್ಲಿ ಓದಿದರೂ ಆ ಮಾತು ನನ್ನನ್ನು ಬಿಟ್ಟಿರಲಿಲ್ಲ. ಅದೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ. ಆ ಪಟ್ಟಿಯಿಂದ ಫೋಟೋ ಕೆಡುತ್ತದೆ ಎಂದೂ ಅನಿಸಿತ್ತು. ಮಡಿಲಲ್ಲಿ ಬೀಬಿಯ ಕೈಗಳಿದ್ದವು. ಅವುಗಳ ಮೇಲೆ ಬಿಸಿಲು ಎಷ್ಟು ಚೆನ್ನಾಗಿ ಬಿದ್ದಿತ್ತೆಂದರೆ ನಾನು ಅವನ್ನೇ ತೆಗೆದೆ. ಮಗಳು ತೋರಿಸು ಎನ್ನಲಿಲ್ಲ. ನಕ್ಕು ನನ್ನ ಎರಡೂ ಕೈ ಹಿಡಿದು ಹೋದಳು.

"ಸಿಗ್ಲಿಲ್ಲೇನು?" ಸಿಸ್ಟರ್ ಬರೆದದ್ದನ್ನು ಹೇಳಿ ನಾನು ಫೋನಿನಲ್ಲಿ ಬೀಬಿಯ ಮುಖ ಹುಡುಕುತ್ತಿದ್ದಾಗ ಇವರು ಚಪ್ಪಲಿ ಮೆಟ್ಟುತ್ತ ಕೇಳಿದರು.

"ಕೈ ಅದಾವೆ. ಕಾಲು ಅದಾವೆ. ಬೆನ್ನು ಐತೆ."

"ಮಂಡಿಯಾಗೆ ಚೀಲದ ಫೋಟೋ ಕಳ್ಸೋರು ಸೈತ ಬಾಯಿ ಬಿಚ್ಚಿ ಅಡಿಕೆ ಕಾಣೋ ಹಂಗೆ ತೆಗಿತಾರೆ ಕಣೆ!"

ನಾನು ನಗಲಿಲ್ಲ. ಅವರು ಬಾಗಿಲಲ್ಲಿ ತಿರುಗಿ, "ಸ್ಟುಡಿಯೋದಾಗೆ ಕೇಳು" ಎಂದು ಹೋದರು.

ಬೇರೆ ಯಾರನ್ನೋ ತೆಗೆದ ಒಂದು ಫೋಟೋದ ಮೂಲೆಯಲ್ಲಿ ಬೀಬಿಯ ಗದ್ದ, ತಲೆವಸ್ತ್ರದ ಅಂಚು ಸಿಕ್ಕಿದ್ದವು. ಮಧ್ಯಾಹ್ನ ಅದನ್ನೇ ಹಿಡಿದು ಸ್ಟುಡಿಯೋಗೆ ಹೋದೆ. ತೀರಿಕೊಂಡವರ ಹಣೆಗೆ ವಿಭೂತಿ ಎಳೆದು, ಶಾಲು ಹೊದಿಸಿ, ಬೇಕಾದಂತೆ ಫೋಟೋ ಮಾಡಿಕೊಡುವವನು ಆ ಸ್ಟುಡಿಯೋದವನು.

"ಗದ್ದ ಐತಲ್ಲ ಅಕ್ಕಾರೆ, ಸಾಕು. ಉಳಿದಿದ್ದನ್ನ ಕಂಪ್ಯೂಟರ್ ತುಂಬ್ತೈತೆ."

ಎರಡೇ ನಿಮಿಷ. ಪರದೆಯ ಮೇಲೆ ಒಬ್ಬ ಮುದುಕಿ ನಗುತ್ತಿದ್ದಳು. ಕಣ್ಣೆರಡೂ ತೆರೆದಿದ್ದವು, ಒಂದು ಹಲ್ಲೂ ಬಿದ್ದಿರಲಿಲ್ಲ.

"ಹೆಂಗೈತೆ?"

"ಚೆನ್ನಾಗಿದೆ. ಆದರೆ ಇದು ಅವರಲ್ಲ."

"ಅಷ್ಟು ದೂರದೋರು, ಯಾರಿಗೆ ಗೊತ್ತಾಗ್ತೈತೆ ಬಿಡ್ರಿ."

"ಮಗಳಿಗೆ ಗೊತ್ತಾಗುತ್ತಪ್ಪ" ಎಂದೆ. ಅವನು ಅಳಿಸಿದ.

ಮನೆಗೆ ಬಂದು ಸಿಸ್ಟರ್‌ಗೆ ಬರೆಯಲು ಕೂತೆ. ಅಜ್ಜಿಯ ಕಥೆ, ಈಗಿಲ್ಲದ ಅವ್ವನ ಮಾತು ಎಲ್ಲ ಬರೆದೆ. ಓದಿ ನೋಡಿದರೆ ತಪ್ಪನ್ನು ಸತ್ತವರ ಮೇಲೆ ಹಾಕಿದಂತಿತ್ತು. ಅಳಿಸಿದೆ. "ಮುಖ ತೆಗೆಯಲಿಲ್ಲ ಸಿಸ್ಟರ್. ಅವರು ಕೇಳಿದ್ದರು, ನಾನೇ ತೆಗೆಯಲಿಲ್ಲ" ಎಂದಷ್ಟೇ ಬರೆದು ಕೈಗಳ ಫೋಟೋ ಕಳಿಸಿದೆ. ಉತ್ತರ ಬಂತು. "ಆಗಲಿ. ಮಗಳಿಗೆ ಹೇಳುತ್ತೇನೆ."

ಬೈಯಬಹುದಿತ್ತು. ಅವರು ಶಾಲೆಯಲ್ಲೂ ಬೈದವರಲ್ಲ.

ಸಂಜೆ ಪಕ್ಕದ ಮನೆಯವಳು ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದಳು. ಜಗಳೂರು ಕಡೆಯ ಹೆಣ್ಣು, ಬಂದರೆ ನಿಂತಲ್ಲಿ ನಿಲ್ಲುವವಳಲ್ಲ. ನಾನು ಲೋಟಕ್ಕೆ ಮೊಸರು ಹಾಕುವಷ್ಟರಲ್ಲಿ ಅಡುಗೆಕಟ್ಟೆಯ ಮೇಲಿದ್ದ ನನ್ನ ಫೋನು ಅವಳ ಕೈಯಲ್ಲಿತ್ತು.

"ಅಯ್ಯ, ಕೈ ಎಷ್ಟು ಚಂದ ಬಂದಾವೆ ನೋಡ್ರಿ! ಯಾರ್ದಕ್ಕಾ?" ಎಂದವಳು ಉತ್ತರಕ್ಕೂ ಕಾಯದೆ ಹೆಬ್ಬೆರಳಿಂದ ಮುಂದಕ್ಕೆ ಸರಿಸುತ್ತ ಹೋದಳು. "ಮುಖ ಎಲ್ಲೈತ್ರೀ, ಇನ್ನೂ ಮುಂದೈತಾ?"